ಖಂಡೇ ಪೂಜೆಗೆ ಕೂತ ಚಾರ್ಜರ್

ದಸರೆ ಮುಗಿದ ಮರುದಿನ ನನ್ನ ಲ್ಯಾಪ್‌ಟಾಪ್ ಚಾರ್ಜ್ ಆಗಲಿಲ್ಲ. ಅಂದೇ ಮಧ್ಯಾಹ್ನ ಮೂರಕ್ಕೆ ಒಂದು ಕೆಲಸಕ್ಕಾಗಿ ಆನ್‌ಲೈನ್ ಸಂದರ್ಶನವಿತ್ತು. ಮೊಬೈಲಿನಲ್ಲಿ ಮುಗಿಸೋಣವೆಂದರೆ ಬರವಣಿಗೆಯ ಪರೀಕ್ಷೆಯೂ ಜೊತೆಗಿತ್ತು. ಬ್ಯಾಟರಿ ಅರ್ಧ ಗಂಟೆ ಬಾಳಿದರೆ ಹೆಚ್ಚು.

ತುಕ್ಕಾನಟ್ಟಿಯ ನಮ್ಮ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ತೀರ್ಪು, ಆಮೇಲೆ ವಿಚಾರಣೆ. ಕಾಕಾ ಚಹಾ ಮುಗಿಸುವ ಮೊದಲೇ ತೀರ್ಪು ಕೊಟ್ಟರು.

“ಸುಟ್ಟೈತಿ ಅದು. ಗೋಕಾಕಕ್ಕ ಹೋಗಿ ಹೊಸಾದು ತರೂಣು ನಡಿ.”

“ಸುಟ್ಟಿದ್ದು ಹೆಂಗ ಗೊತ್ತಾತ್ರಿ ಕಾಕಾ? ವಾಸನಿ ಬಂತೇನು?”

“ನಡಿಯೂದಿಲ್ಲ ಅಂದ್ರ ಸುಟ್ಟೈತಿ ಅಂತನ ಅರ್ಥ.”

“ನಿನ್ನೆ ನಿಮ್ಮ ಗಾಡಿ ಚಾಲೂ ಆಗಲಿಲ್ಲಲ್ರಿ, ಅದೂ ಸುಟ್ಟಿತ್ತೇನು?”

ಗಾಡಿಯಲ್ಲಿ ಪೆಟ್ರೋಲ್ ಇರಲಿಲ್ಲ, ಅಷ್ಟೆ. ಕಾಕಾ ಮೀಸೆ ಸವರಿಕೊಂಡರು. “ಆತ್ರಿ ವಕೀಲಬಾಯಾರ. ಮೂರು ಗಂಟೆಕ್ಕ ಬ್ಯಾಟರಿ ನಿಮ್ಮ ವಾದ ಕೇಳತೈತೇನು ನೋಡೂಣು.”

ಅವ್ವನ ತೀರ್ಪು ಬೇರೆ. “ದೃಷ್ಟಿ ಬಿದ್ದೈತಿ. ಇಂಟರ್‌ವ್ಯೂ ಐತಿ ಅಂತ ಓಣಿಗೆಲ್ಲಾ ಗೊತ್ತಾಗೇತಿ.”

“ಓಣಿಗೆಲ್ಲಾ ಹೇಳಿದಾಕಿ ನೀನ ಅಲ್ಲನ ಯವ್ವಾ?”

ಯಾವ ಮಾತು ಕೇಳಿದರೂ, ಇದು ಸುಳ್ಳಾಗಬೇಕಾದರೆ ಏನು ಕಾಣಬೇಕು ಎಂದು ಕೇಳುವುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿದ ಚಟ. ಅದೇ ಬೋರ್ಡಿಗೆ ಮೊಬೈಲ್ ಹಚ್ಚಿದೆ, ಚಾರ್ಜ್ ಆಯಿತು. ಬೋರ್ಡು ನಿರ್ದೋಷಿ. ಲ್ಯಾಪ್‌ಟಾಪಿನ ಚಾರ್ಜರ್ ಸಿಕ್ಕಿಸಿದರೆ ಅದರ ಕಪ್ಪು ಡಬ್ಬಿಯ ಮೇಲಿನ ಸಣ್ಣ ದೀಪ ಹತ್ತಿತು.

“ದೀಪ ಹತ್ತಿದ್ರ ಮುಂದೂ ಹೊಂಟೈತಿ ಅಂತೇನ ಗ್ಯಾರಂಟಿ?” ಎಂದರು ಕಾಕಾ.

ಒಳ್ಳೆಯ ಪ್ರಶ್ನೆ, ಒಪ್ಪಿಕೊಂಡೆ. ದೀಪ ಸಾಕ್ಷಿ ಹೇಳುವುದು ಡಬ್ಬಿಯವರೆಗೆ ಮಾತ್ರ. ಪಿನ್ನನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಮೆಲ್ಲಗೆ ತಿರುಗಿಸಿದೆ. ಪರದೆಯ ಮೂಲೆಯಲ್ಲಿ ಚಾರ್ಜಿನ ಗುರುತು ಮಿಂಚಿ ಮಾಯವಾಯಿತು. ನನಗೆ ಅಷ್ಟೇ ಸಾಕಿತ್ತು. ಸುಟ್ಟದ್ದು ನಡುನಡುವೆ ಬದುಕುವುದಿಲ್ಲ. ಹಾಗಾದರೆ ತಾಗಬೇಕಾದ ಕಡೆ ಏನೋ ಅಡ್ಡ ಕೂತಿದೆ. ಪ್ಲಗ್ ಕಿತ್ತು, ಮೊಬೈಲಿನ ಬೆಳಕಿನಲ್ಲಿ ಪಿನ್ನಿನ ಕೊಳವೆಯೊಳಗೆ ಇಣುಕಿದೆ. ಬೆಳ್ಳಗೆ ಏನೋ ಗಟ್ಟಿಯಾಗಿತ್ತು. ಅಂಚಿಗೆ ಕೆಂಪು.

ಖಂಡೇ ಪೂಜೆಯ ದಿನ ನಮ್ಮಲ್ಲಿ ಮನೆಯ ಹೊಟ್ಟೆ ಹೊರೆಯುವ ಸಾಮಾನುಗಳೆಲ್ಲ ದೇವರ ಜಗಲಿಯ ಮುಂದೆ ಕಂಬಳಿಯ ಮೇಲೆ ಕೂರುತ್ತವೆ. ಕುಡಗೋಲು, ಕೊಡಲಿ, ಕಾಕಾನ ನಟ್ಟು ಬಿಗಿಯುವ ಪಾನಾಗಳು. ಬನ್ನಿ ಹಂಚುವವರೆಗೆ ಅವನ್ನು ಯಾರೂ ಎತ್ತುವಂತಿಲ್ಲ. ಈ ವರ್ಷ ಅವ್ವ ನನ್ನ ಚಾರ್ಜರನ್ನೂ ಸುರುಳಿ ಸುತ್ತಿ ಅಲ್ಲೇ ಕೂರಿಸಿದ್ದಳು. ಇದು ಆಯುಧವಲ್ಲವೆಂದು ನಾನು ವಾದಿಸಿದ್ದೆ. “ಮತ್ತ ನೀ ದುಡಿಯೂದು ಯಾತರ ಮ್ಯಾಲ?” ಎಂದು ಕೇಳಿ ಗೆದ್ದಿದ್ದಳು.

“ಯವ್ವಾ, ಇದಕ್ಕ ವಿಭೂತಿ ಎಲ್ಲಿ ಹಚ್ಚಿದಿ?”

“ಬಾಯಿಗೆ. ಕುಡಗೋಲಿಗೆ, ಕೊಡ್ಲಿಗೆ ಎಲ್ಲಾ ಬಾಯಿಗೇ ಹಚ್ಚೂದು. ಇದಕ್ಕ ಆ ಸಣ್ಣ ಮೂತಿ ಐತಲ್ಲ, ಅಲ್ಲಿ ಹಚ್ಚಿ ಕುಂಕುಮಾನೂ ಇಟ್ಟೇನಿ. ನಿನ್ನ ಇಂಟರ್‌ವ್ಯೂ ಐತಿ ಅಂತ ಜರಾ ಜಾಸ್ತೀನ ಹಚ್ಚೇನಿ.”

ಕಾಕಾ ನಗು ತಡೆಯಲಾರದೆ ಹೊರಗೆದ್ದು ಹೋದರು.

ಕಲಸಿ ಹಚ್ಚಿದ ವಿಭೂತಿ ಒಣಗಿ ಸುಣ್ಣದಂತೆ ಬಿಗಿದಿತ್ತು. ಕಡ್ಡಿಯಿಂದ ಕೆದರಿ ಕೆದರಿ ಉದುರಿಸಿದೆ, ಕಡ್ಡಿಗೇ ಅರಳೆ ಸುತ್ತಿ ಒರೆಸಿದೆ. ಮತ್ತೆ ಸಿಕ್ಕಿಸಿದಾಗ ಚಾರ್ಜಿನ ಗುರುತು ಬಂದು ನಿಂತಿತು. ಅವ್ವ ಬಾಜೂಕ್ಕೆ ಕೂತು, ಒಲೆಯ ಮೇಲಿನ ಹಾಲು ನೋಡಿದಂತೆ ಅದನ್ನೇ ನೋಡುತ್ತಿದ್ದಳು.

“ಕೆಡಿಸಿದ್ದು ಪೂಜಿ, ರಿಪೇರಿ ಮಾಡಿದ್ದು ನಾ. ಒಪ್ಕೋ.”

“ಪೂಜಿ ಯಾಕ ಕೆಡಸತೈತಿ? ಹಚ್ಚೂ ಜಾಗಾ ತಪ್ಪೈತಿ. ಬರೂ ವರ್ಷ ಎಲ್ಲಿ ಹಚ್ಚಬೇಕು, ಅದನ್ನ ಹೇಳು.”

ಪೂಜೆಯನ್ನೂ ಜಾಗವನ್ನೂ ಅವಳು ಬೇರ್ಪಡಿಸಿದ್ದು ಸರಿಯಾಗಿಯೇ ಇತ್ತು. ನಾನೂ ತೋರಿಸಿಕೊಟ್ಟದ್ದು ಜಾಗದ ದೋಷವನ್ನೇ. ವಾದ ಬೆಳೆಸಲು ಹೊತ್ತೂ ಇರಲಿಲ್ಲ, ಮೂರಾಗುತ್ತ ಬಂದಿತ್ತು. ಕಪ್ಪು ಡಬ್ಬಿಯ ಬೆನ್ನು ಮುಟ್ಟಿ ತೋರಿಸಿದೆ. “ಇಲ್ಲಿ. ಒಣಾ ವಿಭೂತಿ ಅಷ್ಟ.”

ಅವಳು ಬರುವ ವರ್ಷಕ್ಕೆ ಕಾಯಲಿಲ್ಲ. ಮೂರು ಬೆರಳಿನ ಪಟ್ಟೆ ಎಳೆದೇ ಎದ್ದಳು. ಆ ಡಬ್ಬಿಯನ್ನು ಕ್ಯಾಮೆರಾಕ್ಕೆ ಕಾಣದಂತೆ ಸರಿಸಿ ಸಂದರ್ಶನಕ್ಕೆ ಕೂತೆ. ಕೊನೆಯ ಪ್ರಶ್ನೆಯವರೆಗೂ ಚಾರ್ಜ್ ಏರುತ್ತಲೇ ಇತ್ತು.

ಮುಗಿಸಿ ಹೊರಬಂದರೆ ಕಾಕಾ ಗಾಡಿಯ ಮೇಲೆ ಕೂತಿದ್ದರು, ಮುಖ ಗೋಕಾಕದ ರಸ್ತೆಯ ಕಡೆಗೆ. ಹೊಸ ಚಾರ್ಜರ್ ತರಬೇಕಾದೀತೆಂದು ಈ ಸಲ ಪೆಟ್ರೋಲ್ ಹಾಕಿಸಿದ್ದರು.