ಲಾಭ, ಎರಡು, ಮೂರು

ನಿನ್ನೆ ಊಟಿ ಮಾರ್ಕೆಟ್ಟಿನಲ್ಲಿ ನನ್ನ ಬೆನ್ನ ಹಿಂದೆ ಯಾರೋ ಕಾಳು ಅಳೆಯುತ್ತ "ಲಾಭ" ಎಂದರು. ಅಷ್ಟಕ್ಕೇ ನನ್ನ ಕಾಲು ನಿಂತುಬಿಟ್ಟಿತು ನೋಡಿ. ದಾರಿಗಡ್ಡ ನಿಂತ ಈ ಮುದುಕಿಯನ್ನು ಗೊಣಗಿಕೊಂಡೇ ಜನ ದಾಟಿಹೋದರು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಅಳೆಯುವವರು ಮೊದಲ ಪಡಿಗೆ 'ಒಂದು' ಎನ್ನುವುದಿಲ್ಲ, ನಿಮಗೂ ಗೊತ್ತಿದ್ದೀತು. ಲಾಭ, ಎರಡು, ಮೂರು, ಹೀಗೆ. ನಾನು ಮದುವೆಯಾಗಿ ಗುಂಡ್ಲುಪೇಟೆ ಕಡೆಯಿಂದ ಈ ಚಳಿಗೆ ಬಂದಾಗ ನಮ್ಮ ಯಜಮಾನರ ಅಕ್ಕಿ ಅಂಗಡಿ ಮುಂದೆ, ನನ್ನ ಅಡುಗೆಮನೆ ಹಿಂದೆ, ನಡುವೆ ಒಂದು ಗೋಣಿ ಪರದೆ. ವ್ಯಾಪಾರ ಹೇಗಿದೆ ಎಂದು ನಾನು ಕೇಳಬೇಕಾಗಿಯೇ ಇರಲಿಲ್ಲ. 'ಲಾಭ' ಎಷ್ಟು ಸಲ ಕೇಳಿಸಿತೋ ಅಷ್ಟು ಗಿರಾಕಿ.

ಆಮೇಲೆ ಟೀ ರೇಟು ಬಿತ್ತು. ಎಸ್ಟೇಟಿನವರು ಆಳುಗಳನ್ನು ಊರಿಗೆ ಕಳಿಸಿಬಿಟ್ಟರು. ತುಮ್ಮನಟ್ಟಿಯಿಂದ ಆಲೂಗಡ್ಡೆ ತರುತ್ತಿದ್ದ ಬಡಗ ರೈತರೂ ಅಕ್ಕಿ ಮುಟ್ಟಿ ನೋಡಿ ಸುಮ್ಮನೆ ಹೋಗತೊಡಗಿದರು. ಉಳಿದ ನಾಲ್ಕು ಜನಕ್ಕೆ ನಾವೂ ಎದುರಂಗಡಿಯ ಅಣ್ಣಾಮಲೆಯವರೂ ಕಿತ್ತಾಡಿದ್ದೇ ಕಿತ್ತಾಡಿದ್ದು. ಅವರು ಅಕ್ಕಿಯ ಜೊತೆ ಬೆಲ್ಲದ ಚೂರು ಕೊಟ್ಟರು. ಇವರು ಪಡಿಯ ತಲೆ ಸವರದೆ ಗೋಪುರವಾಗಿ ಅಳೆದರು. ಅವರು ಗ್ರಾಮಫೋನು ತಂದಿಟ್ಟರು. ಇವರು ಒಳಗೆ ಬಂದು, "ಏ, ಒಂದು ಹಿಡಿ ಕಾಫಿಬೀಜ ಹುರಿಯೇ, ವಾಸನೆ ಬೀದಿಗೆ ಹೋಗಲಿ" ಎಂದರು.

ಹುರಿದೆ. ದಿನಾ ಹುರಿದೆ. ಸೋತರೆ ಊರಲ್ಲಿ ಓರಗಿತ್ತಿಯ ಕೈಕೆಳಗೆ ಅನ್ನ ತಿನ್ನಬೇಕಲ್ಲ ಎಂಬ ಭಯಕ್ಕೆ ಒಂದು ಹಿಡಿಯ ಬದಲು ಎರಡು ಹಿಡಿ ಹುರಿದೆ. ಆದರೆ ಆ ತಿಂಗಳು ಪರದೆಯಾಚೆ 'ಲಾಭ' ಕೇಳಿಸಿದ್ದೇ ಕೇಳಿಸಿದ್ದು! ಎಲ್ಲ ನನ್ನ ಕಾಫಿಯ ಮಹಿಮೆ ಎಂದು ಬೀಗಿದೆ, ಪೆದ್ದಿ.

ಒಂದು ಮಧ್ಯಾಹ್ನ ಎಂಟು ಪಡಿ ಅಳೆದದ್ದು ಕೇಳಿ ಖುಷಿಗೆ ಲೋಟದಲ್ಲಿ ಕಾಫಿ ಹಿಡಿದು ಪರದೆ ಸರಿಸಿದೆ. ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇವರೊಬ್ಬರೇ ಕುಕ್ಕೆಗೆ ಅಳೆದ ಅಕ್ಕಿಯನ್ನು ಮತ್ತೆ ಮೂಟೆಗೆ ಸುರಿಯುತ್ತಿದ್ದರು.

"ಎದುರಿನವನಿಗೆ ಕೇಳಿಸಲಿ ಅಂತ ಕಣೇ," ಎಂದರು. ಆಮೇಲೆ ನನ್ನ ಮುಖ ನೋಡದೆ, "ನಿನಗೂ" ಎಂದರು.

ನನಗೆ ಅಳು ಬಂತು. ಲೋಟ ಇಟ್ಟು ಒಳಗೆ ಹೋಗಿ ಮತ್ತೆ ಹುರಿಯಲು ಕೂತೆ. ಇನ್ನೇನು ಮಾಡಲಿ ಹೇಳಿ.

ಕೆಲವು ವಾರ ಕಳೆದು ಅಣ್ಣಾಮಲೆಯವರು ಅಂಗಡಿ ಮುಚ್ಚಿ, ಹೊರಡುವ ಮುಂಚೆ ನಮ್ಮಲ್ಲಿಗೆ ಬಂದರು. "ಸಾಮಿ, ತಪ್ಪಾಗಿ ನೆನೀಬೇಡಿ. ನಿಮಗೆ ಮಾತ್ರ ಅಷ್ಟು ಗಿರಾಕಿ ಎಲ್ಲಿಂದ? ಈ ಮಂಜಲ್ಲಿ ನಿಮ್ಮ ಬಾಗಿಲು ಕಾಣಲ್ಲ, ನಿಮ್ಮ 'ಲಾಭ' ಕೇಳೀ ಕೇಳೀ ನಂಗೆ ನಿದ್ದೆನೇ ಇಲ್ಲ. ಇನ್ನು ಆಗಲ್ಲ ಅಂತ ಮುಚ್ಚಿಬಿಟ್ಟೆ."

ನಿಜ ಹೇಳದೆಯೇ ಇವರು ಅವರನ್ನು ಬೀಳ್ಕೊಟ್ಟರು. ಅವರ ಗಿರಾಕಿಗಳು ನಮ್ಮಲ್ಲಿಗೆ ಬಂದರು, ನಾವು ಉಳಿದೆವು, ಮಕ್ಕಳನ್ನು ಸಾಕಿದ್ದು ಅದೇ ಅನ್ನದಲ್ಲಿ. ಆದರೆ ಅಂದಿನಿಂದ ಸಾಯುವತನಕ ಇವರು ಮೊದಲ ಪಡಿಯನ್ನು ಬಾಯಿ ಬಿಡದೆ ಸುರಿದು ಎರಡರಿಂದ ಎಣಿಸುತ್ತಿದ್ದರು.

ನಿನ್ನೆ ಕೊನೆಗೂ ತಿರುಗಿ ನೋಡಿದೆ. ಅವರೆಕಾಳಿನ ಮುಂದೆ ಒಬ್ಬ ಹುಡುಗಪ್ರಾಯದ ಅಂಗಡಿಯವನು. ಅವನೆದುರು ಯಾರೂ ಇರಲಿಲ್ಲ. ನನ್ನನ್ನು ಕಂಡು ಅಳೆದ ಕಾಳನ್ನು ಸರಕ್ಕನೆ ಮೂಟೆಗೆ ಸುರಿದುಬಿಟ್ಟ.

ಮನೆಯಲ್ಲಿ ಡಬ್ಬಿ ತುಂಬ ಅವರೆಕಾಳಿದೆ. ಆದರೂ ಚೀಲದ ಬಾಯಿ ಬಿಡಿಸಿ ಹಿಡಿದೆ.

"ಮೊದಲಿಂದ ಅಳೆಯಪ್ಪ," ಎಂದೆ. "ಗಟ್ಟಿಯಾಗಿ ಎಣಿಸು."