ಅಜ್ಜಯ್ಯನ ಮೂಗು

ಐಮಂಗಲದ ಹತ್ತಿರ ಹೈವೇ ಬಿಟ್ಟು ಒಳಗೆ ಹೋದರೆ ನಮ್ಮ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ಕುರಿಗಳ್ಳರ ಜತೆ ಹೊಡೆದಾಡಿ ಸತ್ತ ನಮ್ಮ ಹಿರೀಕನದು ಅಂತ ಮನೆಯವರೆಲ್ಲ ನಂಬುತ್ತೇವೆ, ಅವನನ್ನು ಅಜ್ಜಯ್ಯ ಅಂತಲೇ ಕರೆಯುತ್ತೇವೆ. ಪ್ರತಿ ವರ್ಷ ನಮ್ಮ ಕುರಿಹಿಂಡು ದೂರದ ಮೇವಿಗೆ ಹೊರಡುವ ಮುಂಚೆ ಮನೆಯ ಹಿರಿಯ ಹೆಂಗಸು ಬರಿಗೈಯಲ್ಲಿ ಅದರ ಮುಖಕ್ಕೆ ಹರಳೆಣ್ಣೆ ಸವರಬೇಕು. ಆ ಕೆಲಸ ನಮ್ಮ ಅವ್ವನದು. ಅವಳಿಗೆ ಈಗ ಕಣ್ಣು ಕಾಣುವುದಿಲ್ಲ. ಆದರೂ ಮೂಗು, ಮೀಸೆ ಬೆರಳಲ್ಲೇ ಹುಡುಕಿ ಅಜ್ಜಯ್ಯನನ್ನು ಮಾತಾಡಿಸುತ್ತಿದ್ದಳು.

ನಮ್ಮ ಚಿಕ್ಕಪ್ಪ ದುರ್ಗದಲ್ಲಿ ಒಂದು ಮನೆ ಕಟ್ಟಿಸಿದ. ಅಲ್ಲಿಂದಾಚೆ ಜಗತ್ತಿನ ಸಕಲ ಕಲ್ಲುಗಳ ವಿಚಾರವೂ ಅವನಿಗೆ ಗೊತ್ತಾಗಿಬಿಟ್ಟಿತು. ಕಳೆದ ಬೇಸಿಗೆಯಲ್ಲಿ ಬಂದವನು ವೀರಗಲ್ಲು ಜಿಡ್ಡು ಹಿಡಿದು ಕರ್ರಗಾಗಿದೆ, ನೋಡಿದವರು ಏನಂದಾರು ಎಂದ. ಅಲ್ಲಿಗೆ ಬರುತ್ತಿದ್ದವು ಎಮ್ಮೆಗಳು ಮಾತ್ರ. ಬಚ್ಚಲು ತೊಳೆಯುವ ಆಸಿಡ್ ಸುರಿದು ತಂತಿ ಬ್ರಷ್‌ನಲ್ಲಿ ಉಜ್ಜಿಸಿದ. ಆಮೇಲೆ ಆಯಿಲ್ ಪೇಂಟು: ವೀರನ ಮೈಗೆ ಗುಲಾಬಿ, ಕತ್ತಿಗೆ ಬೆಳ್ಳಿ, ಕೆಳಗೆ ಕೆತ್ತಿದ್ದ ಕುರಿಗಳಿಗೂ ಕೆಂಪು ತುಟಿ. ಫೋಟೋ ವಾಟ್ಸಾಪಿಗೆ ಹಾಕಿದ. ನೆಂಟರೆಲ್ಲ ಕೈಮುಗಿಯುವ ಚಿತ್ರ ಕಳಿಸಿದರು. ನಮ್ಮ ವಂಶದಲ್ಲಿ ಬುದ್ಧಿ ಎಷ್ಟಿದೆ ಎಂದು ನನಗೆ ಅವತ್ತು ಗೊತ್ತಾಯಿತು.

ಮಳೆ ಬಂತು. ನೆಲದ ತೇವ ಕಲ್ಲಿಗೆ ಏರಿ, ಹೊರಬರಲು ದಾರಿ ಸಿಗದೆ, ಪೇಂಟಿನಡಿ ಗುಳ್ಳೆ ಎದ್ದವು. ಬಿಸಿಲಿಗೆ ಬಣ್ಣ ಚಕ್ಕೆಚಕ್ಕೆಯಾಗಿ ಉದುರಿತು, ಕಲ್ಲಿನ ಪದರನ್ನೂ ಕಚ್ಚಿಕೊಂಡು. ಮೊದಲು ಮೂಗು ಹೋಯಿತು, ಆಮೇಲೆ ಮೀಸೆ. ಅಷ್ಟು ಕಾಲದ ಗಾಳಿಮಳೆ ತಡೆದುಕೊಂಡ ಮುಖ ಚಿಕ್ಕಪ್ಪನ ಭಕ್ತಿಯನ್ನು ತಡೆಯಲಿಲ್ಲ. ಅವನೋ, ಕಲ್ಲೇ ಸರಿ ಇರಲಿಲ್ಲ ಅಂದ. ಮುಖವಿದ್ದ ಜಾಗಕ್ಕೆ ಸಿಮೆಂಟು ಮೆತ್ತಿ, ಹಿರಿಯೂರಿನಿಂದ ತಂದ ಟೈಲ್ಸ್ ಒಂದನ್ನು ಅಂಟಿಸಿದ. ಅದರ ಮೇಲೆ ಕಿರೀಟ ಹೊತ್ತ ಯಾವನೋ ರಾಜನ ಅಚ್ಚು. ಕುರಿ ಕಾಯುವವನಿಗೆ ಕಿರೀಟ ಯಾಕೆ ಎಂದು ಯಾರೂ ಕೇಳಲಿಲ್ಲ.

ಹಿಂಡು ಹೊರಡುವ ದಿನ ಅವ್ವನ ಕೈಹಿಡಿದು ಕರೆದುಕೊಂಡು ಹೋದೆ. ಟೈಲ್ಸಿನ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಅಂಗೈಗೆ ಎಣ್ಣೆ ಹಾಕಿಕೊಂಡು ಕಲ್ಲಿನ ಮೇಲಿಟ್ಟಳು. ಕೈ ಜಾರಿತು. ಮತ್ತೆ ಇಟ್ಟು, ಅಂಚಿನವರೆಗೂ ತಡಕಾಡಿದಳು. ಪಕ್ಕದಲ್ಲೇ ನಿಂತಿದ್ದ ಚಿಕ್ಕಪ್ಪ ಹೊಗಳಿಕೆಗೆ ಕಾಯುತ್ತ, “ಹೆಂಗೈತೆ ಅತ್ತಿಗೆ?” ಎಂದ.

“ಇದು ಬಚ್ಚಲು ಗೋಡೆ ಕಣಪ್ಪ,” ಅಂದಳು ಅವ್ವ, ಎಣ್ಣೆಗೈಯನ್ನು ಹಾಗೇ ಹಿಡಿದುಕೊಂಡು. “ಅಜ್ಜಯ್ಯನ ಹತ್ರ ಕರ್ಕಂಡು ಹೋಗ್ರಿ. ಕುರಿ ಹೊರಡೋ ಹೊತ್ತಾತು.”