ಒಳಗೆ ಮೋಹಿನಿ ಇದ್ದಾಳೆ

ಮೋಹಿನಿ ಹುಟ್ಟಿದ್ದು ಬ್ಲಫ್‌ನಲ್ಲಿ, ಕರೆಂಟು ಹುಟ್ಟುವ ಊರಿನಲ್ಲಿ. ಅಪ್ಪ ಪುಟ್ಟಮಾದಯ್ಯ ಅಲ್ಲಿನ ವಿದ್ಯುದಾಗಾರದಲ್ಲಿ ನೌಕರ. ಮದುವೆಯಾಗಿ ಮಳವಳ್ಳಿಗೆ ಬಂದ ಮೇಲೆ, ಮನೆಯ ದೀಪ ಆರಿದಾಗಲೆಲ್ಲ ಗಂಡ ಮಹದೇವು ‘ನಿಮ್ಮಪ್ಪನಿಗೊಂದು ಫೋನ್ ಮಾಡು’ ಎಂದು ಚುಡಾಯಿಸುತ್ತಿದ್ದ. ವರ್ಷಗಟ್ಟಲೆ ಅದೇ ತಮಾಷೆ, ವರ್ಷಗಟ್ಟಲೆ ಅವಳದೂ ಅದೇ ನಗು. ಮಂಡ್ಯದ ಕಚೇರಿಗೆ ದಿನಾ ಬಸ್ಸು ಹಿಡಿಯುವ ಗಂಡ, ಡಿಗ್ರಿ ಓದುವ ಮಗಳು ಸೌಮ್ಯ, ಮಂಡಿನೋವಿನ ಅತ್ತೆ ಮುದ್ದಮ್ಮ: ಬಿ.ಎಡ್ ಮಾಡಿದ್ದ ಮೋಹಿನಿ ಈ ಮೂವರಿಗೂ ಹಂಚಿಹೋಗಿದ್ದಳು. ಸಂಜೆ ಹೊತ್ತು ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದಷ್ಟೇ ಅವಳ ಪಾಲಿನ ಮೇಷ್ಟರಿಕೆ.

ಮನೆಗೆಲ್ಲ ಒಂದೇ ಕಂಪ್ಯೂಟರು. ಹಳತಾಗಿ ತೆವಳುತ್ತಿದ್ದ ಅದಕ್ಕೆ ಸೌಮ್ಯ ಲಿನಕ್ಸ್ ಎಂಬ ಹಗುರ ವ್ಯವಸ್ಥೆ ಹಾಕಿ ನಾಲ್ವರಿಗೂ ಒಂದೊಂದು ಖಾತೆ ಮಾಡಿಕೊಟ್ಟಿದ್ದಳು. ಮನೆಯವರ ಬಾಯಲ್ಲಿ ಅವು ಕೋಣೆಗಳಾದವು. ಅಜ್ಜಿಯ ಕೋಣೆಗೆ ಪಾಸ್‌ವರ್ಡೇ ಇಲ್ಲ, ಒತ್ತಿದರೆ ಸಾಕು, ಬುದ್ಧವಂದನೆ ಶುರು. ಒಬ್ಬರು ಎದ್ದು ಇನ್ನೊಬ್ಬರು ಕೂತರೂ ಎದ್ದವರ ಕೆಲಸ ಒಳಗೊಳಗೇ ನಡೆದಿರುತ್ತಿತ್ತು. ಅದಕ್ಕೇ ಸೌಮ್ಯಳ ಕಟ್ಟಪ್ಪಣೆ: ನಿಮ್ಮ ನಿಮ್ಮ ಕೋಣೆಗೆ ದಾಟಿಕೊಳ್ಳಿ, ಹಗಲಿನಲ್ಲಿ ಯಂತ್ರವನ್ನು ಮಾತ್ರ ಆರಿಸಬೇಡಿ. ಯಜಮಾನನಲ್ಲವೇ ಎಂದು ಎಲ್ಲರ ಮೇಲಿನ ಅಧಿಕಾರವನ್ನು ಅಪ್ಪನ ಪಾಸ್‌ವರ್ಡಿಗೆ ಬಿಟ್ಟಿದ್ದಳು. ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ಮೋಹಿನಿಯ ಹೆಸರು ಬರೆದಿದ್ದ ಕೋಣೆಯೆಂದರೆ ಕಂಪ್ಯೂಟರಿನೊಳಗಿನ ಅದೊಂದೇ.

ಹೋದ ಬೇಸಿಗೆಯಲ್ಲಿ ಬ್ಲಫ್ ಹತ್ತಿರದ ವಸತಿ ಶಾಲೆಯೊಂದು ಲೆಕ್ಕದ ಟೀಚರು ಬೇಕೆಂದು ಕರೆಯಿತು. ಅಲ್ಲೇ ಇರಬೇಕು, ಮನೆ ಕೊಡುತ್ತಾರೆ. ಪಾಠ ಮಾಡುವ ವಿಡಿಯೊ ಶನಿವಾರ ಸಂಜೆ ಐದರೊಳಗೆ ತಲುಪಬೇಕು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರಿಹೋಗುತ್ತಿತ್ತು, ಸಿಕ್ಕರೆ ಇದೇ ಸಿಗಬೇಕು. ಮೋಹಿನಿ ಬೆಲ್ಲದ ಅಚ್ಚು ಕೊಯ್ದು ಭಿನ್ನರಾಶಿ ಪಾಠ ಮಾಡಿದಳು. ಫೋನು ಹಿಡಿದು ಚಿತ್ರ ತೆಗೆದವನು ಮಹದೇವುವೇ. ಕೈ ನಡುಗದಂತೆ ಉಸಿರು ಬಿಗಿಹಿಡಿದು ತುಂಡು ತುಂಡಾಗಿ ತೆಗೆದ. ‘ನನ್ ಗಂಜಿ ನಾನು ಕಾಯ್ಸ್ಕೋತೀನಿ, ಓಗವ್ವ ನೀನು’ ಎಂದು ಅತ್ತೆಯೂ ಹರಸಿದಳು.

ಶನಿವಾರ ಮಧ್ಯಾಹ್ನ ಕಂಪ್ಯೂಟರು ಆ ತುಂಡುಗಳನ್ನೆಲ್ಲ ಸೇರಿಸಿ ಒಂದೇ ವಿಡಿಯೊ ಮಾಡಲು ಕೂತಿತು. ಹಳೇ ಯಂತ್ರ, ಗಂಟೆಗಟ್ಟಲೆ ಕೆಲಸ. ಮುಕ್ಕಾಲು ಮುಗಿದಿರುವಾಗ, ಅಂದು ರಜೆಯಲ್ಲಿದ್ದ ಮಹದೇವು ಕಚೇರಿಯದೇನೋ ನೋಡಬೇಕೆಂದ. ತನ್ನ ಕೋಣೆಯಲ್ಲಿ ಕೆಲಸ ನಡೆದಿರುತ್ತದಲ್ಲ ಎಂಬ ಧೈರ್ಯದಲ್ಲಿ ಅವಳು ಜಾಗ ಬಿಟ್ಟುಕೊಟ್ಟು, ಅತ್ತೆಯ ಮಾತ್ರೆ ತರಲು ಪೇಟೆಗೆ ಹೋದಳು. ಸೌಮ್ಯ ಮದ್ದೂರಿನ ಗೆಳತಿಯ ಮನೆಯಲ್ಲಿದ್ದಳು.

ಬಂದು ನೋಡಿದರೆ ಪರದೆ ಕಪ್ಪು. ಮಹದೇವು ಫೋನಿನಲ್ಲಿ ಯಾರಿಗೋ ಕರೆಂಟಿನ ವಿಚಾರಕ್ಕೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ‘ಕರೆಂಟು ಓಗಿ ಬಂತು ಕಣೆ’ ಎಂದ. ಮಂಚದ ಮೇಲಿದ್ದ ಮುದ್ದಮ್ಮ, ‘ಎಲ್ಲಿ ಓಗಿತ್ಲಾ? ಫ್ಯಾನು ತಿರುಗ್ತಾನೇ ಇತ್ತಲ್ಲ’ ಎಂದಳು. ನಿಮಗೆ ಜೊಂಪು ಹತ್ತಿತ್ತು ಸುಮ್ಮನಿರಿ ಎಂದು ಮೋಹಿನಿಯೇ ಅತ್ತೆಯ ಬಾಯಿ ಮುಚ್ಚಿಸಿದಳು. ಮತ್ತೆ ಮೊದಲಿನಿಂದ ಹಚ್ಚಿದರು. ವಿಡಿಯೊ ಅರ್ಧವೂ ಆಗುವ ಮೊದಲೇ ಐದು ಹೊಡೆಯಿತು, ಶಾಲೆಯವರು ಆಮೇಲೆ ಯಾರದನ್ನೂ ತೆಗೆದುಕೊಳ್ಳಲಿಲ್ಲ. ಮಹದೇವು ತಾನೇ ಕಾಫಿ ಕಾಯಿಸಿ ತಂದ, ಪಕ್ಕದಲ್ಲಿ ಕೂತು ತಲೆ ನೇವರಿಸಿದ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಆ ಸಂಕಟದಲ್ಲೂ ಅವಳು ಅಂದುಕೊಂಡಳು. ಈಗ ಆ ಕಾಫಿ ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಮಳೆಗಾಲ ಬಂತು. ಒಂದು ದಿನ ಗುಡುಗು ಜೋರಾಯಿತೆಂದು, ಸಿಡಿಲಿಗೆ ಯಂತ್ರ ಸುಟ್ಟೀತೆಂದು ಮೋಹಿನಿ ಅದನ್ನು ಆರಿಸಲು ಹೋದಳು. ಮಗಳ ಅಪ್ಪಣೆ ಮೀರಿದ್ದು ಅದೇ ಮೊದಲು. ಯಂತ್ರ ಆರಲಿಲ್ಲ. ಒಳಗೆ ಇನ್ನೊಬ್ಬರು ಇದ್ದಾರೆ, ಆರಿಸಿದರೆ ಅವರ ಕೆಲಸ ಹಾಳಾಗುತ್ತದೆ ಎಂದಿತು. ಕೆಳಗೆ ಸೌಮ್ಯಳ ಹೆಸರು. ಆದರೂ ಆರಿಸಲೇಬೇಕೆಂದರೆ ಯಜಮಾನನ ಪಾಸ್‌ವರ್ಡು ಕೊಡು ಎಂದು ಕಾದು ಕೂತಿತು.

ಅಡುಗೆಮನೆಯಲ್ಲಿದ್ದ ಮಗಳನ್ನು ಕರೆದು, ಇದು ಯಾವಾಗಲೂ ಹೀಗೆ ಕೇಳುತ್ತದಾ ಎಂದಳು. ‘ಊ ಕಣಮ್ಮ. ಒಳಗೆ ಯಾರಾರ ಇದ್ರೆ ಎಸ್ರು ತೋರ್ಸಿ ಕೇಳೇ ಕೇಳ್ತದೆ’ ಎಂದು ಸೌಮ್ಯ ಸಲೀಸಾಗಿ ಹೇಳಿ ಒಲೆಯ ಕಡೆ ಹೋದಳು. ಮೋಹಿನಿಗೆ ಅತ್ತೆ ಹೇಳಿದ್ದ, ತಿರುಗುತ್ತಲೇ ಇದ್ದ ಆ ಫ್ಯಾನು ನೆನಪಾಯಿತು. ಆ ಶನಿವಾರ ಯಂತ್ರದ ಮುಂದೆ ಕೂತಿದ್ದವನ ಬಳಿಯೇ ಆ ಪಾಸ್‌ವರ್ಡು ಇತ್ತು.

ಮಹದೇವು ಬಸ್ಸಿಳಿದು ಬಂದು ಕೈಕಾಲು ತೊಳೆದ. ಮೋಹಿನಿ ಒಂದೇ ಮಾತು ಕೇಳಿದಳು. ‘ಅವತ್ತು ನನ್ ಎಸ್ರು ತೋರಿಸ್ತಾ?’

ಯಾವತ್ತು ಎಂದು ಅವನು ಕೇಳಲಿಲ್ಲ. ಟವೆಲ್ಲಿನಲ್ಲಿ ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ. ‘ತೋರಿಸ್ತು. ನೀನು ಓಗ್ಬುಟ್ರೆ ಮನೆ ಏನಾಗ್ಬೇಕು? ನಮ್ಮವ್ವನ್ನ ಯಾರು ನೋಡ್ಕೊಳ್ಳೋರು?’

ಅವ್ವ ಹೋಗು ಎಂದು ಹರಸಿದ್ದು ಇಬ್ಬರ ಎದುರೇ. ಮೋಹಿನಿ ಅದನ್ನು ಎತ್ತಲಿಲ್ಲ. ‘ಆ ಮಿಸಿನ್ನಾದ್ರೂ ನಿಮ್ಮನ್ನ ಒಂದ್ ಮಾತು ಕೇಳ್ತು ಕಣ್ರೀ. ನೀವು ನನ್ನ ಕೇಳ್ನಿಲ್ಲ’ ಎಂದಳು. ಪಾಠದ ಚಿತ್ರ ತೆಗೆಯಲು ಫೋನು ಹಿಡಿದು ನಿಂತಿದ್ದಾಗಲೇ ಅವನು ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತಲ್ಲ ಎಂಬುದೇ ಅವಳ ಎದೆ ಕೊರೆಯುತ್ತಿದ್ದದ್ದು.

ಅವಳು ಮನೆ ಬಿಡಲಿಲ್ಲ, ಊಟ ಬಡಿಸುವುದನ್ನೂ ನಿಲ್ಲಿಸಲಿಲ್ಲ. ಕರೆಂಟು ಹೋದಾಗ ಅವನೀಗ ಅವಳ ಅಪ್ಪನ ಸುದ್ದಿ ಎತ್ತುವುದಿಲ್ಲ. ಮೋಹಿನಿ ಈಗಲೂ ತನ್ನ ಕೋಣೆ ತೆರೆದು ಮಕ್ಕಳ ಲೆಕ್ಕ ತಯಾರು ಮಾಡುತ್ತಾಳೆ. ಆದರೆ ಒಂದು ಲೋಟ ನೀರಿಗೆ ಎದ್ದರೂ ಎಲ್ಲ ಮುಚ್ಚಿ, ಪೂರ್ತಿ ಹೊರಗೆ ಬಂದೇ ಏಳುತ್ತಾಳೆ. ರಾತ್ರಿ ಮಲಗುವ ಮುಂಚೆ ಮಹದೇವು ಯಂತ್ರ ಆರಿಸಲು ಹೋದಾಗ ಅದು ಯಾರ ಹೆಸರನ್ನೂ ತೋರಿಸುವುದಿಲ್ಲ, ಏನನ್ನೂ ಕೇಳದೆ ಆರಿಹೋಗುತ್ತದೆ.